ಖಾತಾ ಇದೆ, ಇಸಿ ನಿಲ್, ಜಿಪಿಎ ಮೇಲೆ ಸೈಟು: ಇಷ್ಟಿದ್ದರೆ ಸಾಕಾ?

ಹೊಸಮನೆ ಕನಸು:
ಎಲ್ಲರಿಗೂ ನಮಸ್ಕಾರ. ತಿಪಟೂರಿನ ಹತ್ತಿರದ ಹಳ್ಳಿಯೊಂದರಲ್ಲಿ 30×40 ಸೈಟ್ ನೋಡಿದ್ದೇವೆ. ನಾನು ಅಂಗನವಾಡಿ ಟೀಚರ್, ಮನೆಯವರದ್ದು ಸಣ್ಣ ಗ್ಯಾರೇಜ್. ಹನ್ನೆರಡು ವರ್ಷ ಚೀಟಿ ಕಟ್ಟಿ ಕೂಡಿಟ್ಟ ದುಡ್ಡು. ಬ್ರೋಕರ್ ಒಂದು ಫೈಲ್ ಕೊಟ್ಟು, "ಖಾತಾ ಇದೆ, ಇಸಿ ನಿಲ್, ಕಂದಾಯ ಕಟ್ಟಿದೆ. ಓನರ್ ಊರಲ್ಲಿಲ್ಲ, ಜಿಪಿಎ ಹೋಲ್ಡರ್ ಬಂದು ಬರ್ಕೊಡ್ತಾರೆ" ಅಂದರು. ಹತ್ತು ದಿನದಲ್ಲಿ ಎರಡು ಲಕ್ಷ ಅಡ್ವಾನ್ಸ್ ಕೇಳುತ್ತಿದ್ದಾರೆ. ಈ ಪದಗಳಲ್ಲಿ ಒಂದೂ ನನಗೆ ಸರಿಯಾಗಿ ಅರ್ಥವಾಗಿಲ್ಲ. ಯಾರಾದರೂ ಬಿಡಿಸಿ ಹೇಳ್ತೀರಾ?

ಹಳೇ ಪತ್ರ ಬರಹಗಾರ:
ಮೇಡಂ, ಸಬ್ ರಿಜಿಸ್ಟ್ರಾರ್ ಕಚೇರಿ ಎದುರು ಕೂತು 31 ವರ್ಷ ಪತ್ರ ಬರೆದವನು ನಾನು. ದಯವಿಟ್ಟು ಈಗಲೇ ಅಡ್ವಾನ್ಸ್ ಕೊಡಬೇಡಿ.

ಖಾತಾ ಅಂದರೆ ಕಂದಾಯ ಯಾರ ಹೆಸರಲ್ಲಿ ಕಟ್ಟಿಸಿಕೊಳ್ಳಬೇಕು ಅನ್ನುವ ಲೆಕ್ಕ, ಅಷ್ಟೇ. ಅದರಿಂದ ಮಾಲೀಕತ್ವ ಬರುವುದಿಲ್ಲ. ಮಾರುವವರಿಗೆ ಆ ಜಾಗ ಹೇಗೆ ಬಂತು? ಕ್ರಯಕ್ಕೆ ತಗೊಂಡರಾ, ದಾನಪತ್ರವಾ, ವಿಭಾಗಪತ್ರವಾ, ಪಿತ್ರಾರ್ಜಿತವಾ? ಅದನ್ನು ಹೇಳುವುದು ಮೂಲಪತ್ರ. ಫೈಲಿನಲ್ಲಿ ಮೊದಲು ಅದನ್ನು ಹುಡುಕಿ.

ಇಸಿ, ಅಂದರೆ ಋಣಭಾರ ಪತ್ರ. ವ್ಯವಹಾರ ನಡೆದಿದ್ದರೆ ನಮೂನೆ 15ರಲ್ಲಿ ಬರುತ್ತದೆ, ಏನೂ ಇಲ್ಲದಿದ್ದರೆ ನಮೂನೆ 16. ಜನ 16 ನೋಡಿದ ತಕ್ಷಣ ಸಮಾಧಾನ ಮಾಡಿಕೊಳ್ಳುತ್ತಾರೆ. ಆದರೆ ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ಅಂತ ನೋಡುವುದಿಲ್ಲ. ಕಡಿಮೆ ಅಂದರೂ 30 ವರ್ಷದ್ದು ತೆಗೆಸಿ. ಇನ್ನೊಂದು ವಿಷಯ, ಇಸಿಯಲ್ಲಿ ಕಾಣುವುದು ನೋಂದಣಿಯಾದದ್ದು ಮಾತ್ರ. ಮನೆಯಲ್ಲೇ ಕೂತು ಮಾಡಿಕೊಂಡ ಪಾಲುಪಟ್ಟಿ ಅದರಲ್ಲಿ ಬರುವುದಿಲ್ಲ.

ನನ್ನ ತಂಗಿ ಗಂಡನಿಗೆ ಆದದ್ದೇ ಇದು. ಮಗಳ ಬಾಣಂತನಕ್ಕೆ ನಾನು ಊರಲ್ಲಿರಲಿಲ್ಲ. ಇಸಿ ನಿಲ್ ಅಂತ ನಂಬಿ ಸೈಟ್ ಬರೆಸಿಕೊಂಡರು. ಒಂದು ವರ್ಷಕ್ಕೆ ಮಾರಿದವನ ಮೂವರು ಅಕ್ಕತಂಗಿಯರು ಪಾಲು ಕೇಳಿ ದಾವೆ ಹಾಕಿದರು. ನಾನು ಬಂದು ಫೈಲ್ ಬಿಚ್ಚಿ ನೋಡಿದೆ. ವಂಶವೃಕ್ಷದಲ್ಲಿ ಆ ಮೂವರ ಹೆಸರೂ ಇತ್ತು. ಕ್ರಯಪತ್ರದ ಕೊನೇ ಪುಟದಲ್ಲಿ ಮಾರುವವರ ಜಾಗದಲ್ಲಿ ಒಂದೇ ಸಹಿ. 2005ರ ತಿದ್ದುಪಡಿ ಆದಮೇಲೆ ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕಿದೆ. ಅವರು ಕೇಳಿದ್ದರಲ್ಲಿ ತಪ್ಪಿಲ್ಲ. ಒಂದೋ ಅವರೂ ಸಹಿ ಹಾಕಬೇಕಿತ್ತು, ಇಲ್ಲವೇ ಮೊದಲೇ ಹಕ್ಕು ಬಿಡುಗಡೆ ಪತ್ರ ನೋಂದಣಿ ಆಗಿರಬೇಕಿತ್ತು. ತಂಗಿ ಇವತ್ತಿಗೂ ಬಾಡಿಗೆ ಮನೆಯಲ್ಲಿದ್ದಾಳೆ.

ಇನ್ನು ಜಿಪಿಎ, ಅಂದರೆ ಓನರ್ ತನ್ನ ಪರವಾಗಿ ವ್ಯವಹಾರ ಮಾಡಲು ಇನ್ನೊಬ್ಬರಿಗೆ ಬರೆದುಕೊಡುವ ಅಧಿಕಾರ ಪತ್ರ. ಜಿಪಿಎ ಬರೆಸಿಕೊಂಡ ಮಾತ್ರಕ್ಕೆ ಆಸ್ತಿ ಕೈಬದಲಾಗುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಓನರ್ ಪರವಾಗಿ ಜಿಪಿಎ ಹೋಲ್ಡರ್ ಕ್ರಯಪತ್ರಕ್ಕೆ ಸಹಿ ಹಾಕಬಹುದು, ಅದು ಬೇರೆ. ಆಗ ಆ ಜಿಪಿಎ ನೋಂದಣಿ ಆಗಿದೆಯಾ, ಅದರಲ್ಲಿ ಮಾರುವ ಅಧಿಕಾರ ಬರೆದಿದೆಯಾ ನೋಡಬೇಕು. ಓನರ್ ಬದುಕಿದ್ದಾರಾ ಅನ್ನುವುದೂ ಮುಖ್ಯ. ಅವರು ತೀರಿಕೊಂಡರೆ ಸಾಮಾನ್ಯವಾಗಿ ಜಿಪಿಎ ಬಲ ಅಲ್ಲಿಗೇ ಹೋಯಿತು. ಓನರ್ ಜೊತೆ ಒಂದು ಸಲ ನೀವೇ ಮಾತಾಡಿ.

ತೆಂಗಿನತೋಟ:
ಅಣ್ಣ ಹೇಳಿದ್ದು ಸರಿ. ಒಂದು ಸೇರಿಸುತ್ತೇನೆ. ಪಂಚಾಯಿತಿ ಸೈಟ್ ಅಲ್ವಾ, ಇ-ಸ್ವತ್ತು (ಪಂಚಾಯಿತಿ ಆಸ್ತಿಯ ಕಂಪ್ಯೂಟರ್ ದಾಖಲೆ) ಯಾವ ನಮೂನೆಯದ್ದು ನೋಡಿ. ನಮೂನೆ 9 ಅಂದರೆ ಗ್ರಾಮಠಾಣಾ (ಊರೊಳಗಿನ ವಾಸದ) ಜಾಗ, ಇಲ್ಲವೇ ಕೃಷಿ ಜಮೀನು ಕನ್ವರ್ಷನ್ ಆಗಿ ಲೇಔಟಿಗೆ ಒಪ್ಪಿಗೆ ಸಿಕ್ಕಿದ ಜಾಗ. ಈ ಎರಡಕ್ಕೂ ಸೇರದ ಜಾಗದ ನಮೂನೆ 11ಬಿ ಆದರೆ ಬ್ಯಾಂಕ್ ಸಾಲಕ್ಕೆ ತಕರಾರು ಬರುವುದು ಜಾಸ್ತಿ.

ಹೊಸಮನೆ ಕನಸು:
ರಾತ್ರಿ ಊಟ ಆದಮೇಲೆ ಇಬ್ಬರೂ ಕೂತು ಫೈಲ್ ನೋಡಿದೆವು. ಇಸಿ 2016ರಿಂದ ಈಚೆಗಿನದ್ದು ಮಾತ್ರ ಇದೆ. ಇ-ಸ್ವತ್ತು 11ಬಿ. ಮೂಲಪತ್ರ ಇಲ್ಲವೇ ಇಲ್ಲ. ಚಕ್ಕುಬಂದಿಯಲ್ಲಿ (ನಾಲ್ಕೂ ದಿಕ್ಕಿನ ಗಡಿ ವಿವರ) "ಪೂರ್ವಕ್ಕೆ ರಸ್ತೆ" ಅಂತಿದೆ. ಆದರೆ ನಾವು ನೋಡಿದ ಸೈಟಿನ ಪೂರ್ವಕ್ಕೆ ತೋಟದ ತಂತಿಬೇಲಿ ಇತ್ತು.

ಹಳೇ ಪತ್ರ ಬರಹಗಾರ:
ಚಕ್ಕುಬಂದಿ ತಾಳೆ ಆಗದಿದ್ದರೆ ಅವರು ತೋರಿಸಿದ ಜಾಗ ಒಂದು, ಕಾಗದದ ಜಾಗ ಇನ್ನೊಂದು ಇರಬಹುದಮ್ಮ. ಮೂಲಪತ್ರ, ವಂಶವೃಕ್ಷ, ಜಿಪಿಎ ಪ್ರತಿ, ಈ ಮೂರನ್ನೂ ಬರವಣಿಗೆಯಲ್ಲಿ ಕೇಳಿ. 2004ಕ್ಕೆ ಹಿಂದಿನ ಇಸಿಗೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲೇ ಅರ್ಜಿ ಕೊಡಬೇಕಾಗುತ್ತದೆ.

ಹೊಸಮನೆ ಕನಸು:
ಬೆಳಿಗ್ಗೆ ಕೇಳಿದೆ ಸರ್. "ಇಷ್ಟೆಲ್ಲಾ ಯಾರೂ ಕೇಳಲ್ಲ, ಬೇರೆ ಪಾರ್ಟಿ ರೆಡಿ ಇದ್ದಾರೆ" ಅಂದರು. ಫೈಲ್ ವಾಪಸ್ ಕೊಟ್ಟುಬಿಟ್ಟೆ. ಮನೆಯವರೂ ಸರಿ ಅಂದರು.