ಸಖಿ ಕೇಂದ್ರದಲ್ಲಿ ರಾತ್ರಿ ಪಾಳಿ: ಕರೆ ಬಂದ ಮೇಲೆ ಮೊದಲು ಯಾವುದು, ಆಮೇಲೆ ಯಾವುದು?

ಹೊಸ_ಪಾಳಿ

ಎಲ್ಲರಿಗೂ ನಮಸ್ಕಾರ. ಜಿಲ್ಲಾಸ್ಪತ್ರೆ ಆವರಣದಲ್ಲಿರೋ, ದೌರ್ಜನ್ಯಕ್ಕೆ ಒಳಗಾದ ಹೆಂಗಸರಿಗೆ ನೆರವಾಗೋ ಸಖಿ ಒನ್ ಸ್ಟಾಪ್ ಸೆಂಟರ್‌ನಲ್ಲಿ ಕೇಸ್ ವರ್ಕರ್ ಆಗಿ ಸೇರ್ತಿದೀನಿ, ರಾತ್ರಿ ಪಾಳಿ. ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಆಗಿದೆ, ತರಬೇತಿಯಲ್ಲಿ ಕಾಯ್ದೆಗಳನ್ನೆಲ್ಲ ಓದಿಸಿದ್ರು. ಆದ್ರೆ ನಡುರಾತ್ರಿ 181 ಮಹಿಳಾ ಸಹಾಯವಾಣಿಯಿಂದಲೋ ಕ್ಯಾಶುವಾಲ್ಟಿಯಿಂದಲೋ ಅತ್ಯಾಚಾರದ ಕೇಸ್ ಬಂದಾಗ ಯಾವ ಕ್ರಮದಲ್ಲಿ ಹೋಗಬೇಕು ಅಂತ ಯಾರೂ ಹೇಳಲಿಲ್ಲ. ಆ ಹೊತ್ತಲ್ಲಿ ಕೇಂದ್ರದ ಆಡಳಿತಾಧಿಕಾರಿ, ವಕೀಲರು ಯಾರೂ ಇರಲ್ಲ. ಡಾಕ್ಟರು "ಪೊಲೀಸ್ ಪತ್ರ ತನ್ನಿ" ಅಂದ್ರೆ? "ಲೇಡಿ ಡಾಕ್ಟರ್ ಬೆಳಗ್ಗೆ ಬರ್ತಾರೆ" ಅಂದ್ರೆ? ಆಕೆಗೇ ಕಂಪ್ಲೇಂಟ್ ಬೇಡ ಅಂದ್ರೆ? ಜೊತೆಗೆ ಏನೇನು ಇಟ್ಟುಕೊಂಡಿರಬೇಕು?

ಕಾರಿಡಾರ್_ಬೆಂಚು

ಫೋನಿನಿಂದಲೇ ಶುರು ಮಾಡ್ತೀನಿ. "ಏನಾಯ್ತು" ಅಂತ ಕೇಳಬೇಡಿ. ಈಗ ಎಲ್ಲಿದ್ದೀರಿ, ಅವನು ಹತ್ತಿರದಲ್ಲಿದ್ದಾನಾ, ರಕ್ತ ಹೋಗ್ತಿದೆಯಾ, ಯಾರಾದ್ರೂ ಕುತ್ತಿಗೆ ಹಿಸುಕಿದ್ರಾ, ಇಷ್ಟೇ. ಹೌದು-ಇಲ್ಲ ಅಂತ ಉತ್ತರ ಕೊಡೋ ಹಾಗೆ ಕೇಳಿ, ಪಕ್ಕದಲ್ಲಿ ಯಾರೋ ನಿಂತಿರಬಹುದು. ಕುತ್ತಿಗೆಯ ಪ್ರಶ್ನೆ ಬಿಡಲೇಬೇಡಿ. ಹೊರಗೆ ಗುರುತೇ ಇಲ್ಲದಿದ್ರೂ ದನಿ ಒಡೆದಿದ್ರೆ, ಎಂಜಲು ನುಂಗೋಕೆ ಕಷ್ಟ ಆಗ್ತಿದ್ರೆ ಒಳಗೆ ಬಾವು ಬರ್ತಿರಬಹುದು, ಕೆಲವು ಗಂಟೆ ಆದಮೇಲೆ ಉಸಿರು ಕಟ್ಟಬಹುದು. ಅಂಥವರಿಗೆ ಮೊದಲು 108. ಅವನು ಅಲ್ಲೇ ಇದ್ರೆ 112. ಲೈನ್ ಕಟ್ಟಾದ್ರೆ ವಾಪಸ್ ಮಾಡಬಹುದಾ, ಆ ಫೋನನ್ನ ಬೇರೆ ಯಾರಾದ್ರೂ ಎತ್ತುತ್ತಾರಾ ಅಂತ ಆಗಲೇ ಕೇಳಿಕೊಳ್ಳಿ. ಮನೆಯವನೇ ಆರೋಪಿ ಆಗಿದ್ದಾಗ "ಸಖಿಯಿಂದ ಮಾತಾಡ್ತಿದೀವಿ" ಅನ್ನೋ ಒಂದು ಮಾತು ಅವನ ಕಿವಿಗೆ ಬಿದ್ರೆ ಸಾಕು, ಅನಾಹುತ.

ಸ್ನಾನ ಮಾಡದೆ, ಬಟ್ಟೆ ಒಗೆಯದೆ ಬರೋಕೆ ಹೇಳಿ. ಆಗಲೇ ಮಾಡಿದ್ದೀನಿ ಅಂದ್ರೆ "ಪರವಾಗಿಲ್ಲ ಬನ್ನಿ" ಅನ್ನಿ. ಸ್ನಾನ ಆಗಿದ್ರೂ ಪರೀಕ್ಷೆ ಆಗುತ್ತೆ, ಔಷಧಿಯಂತೂ ಬೇಕೇ ಬೇಕು. ನಿಮ್ಮ ದನಿಯಲ್ಲಿ ಒಂಚೂರು "ಅಯ್ಯೋ" ಕೇಳಿಸಿದ್ರೂ ಆಕೆ ಬರಲ್ಲ.

ಆಸ್ಪತ್ರೆಯಲ್ಲಿ ಕ್ರಮ ಹೀಗೆ: ಜೀವಕ್ಕೆ ಅಪಾಯ ಇದ್ರೆ ಅದು, ಆಮೇಲೆ ಕಾಯಲಾರದ ಔಷಧಿ, ಆಮೇಲೆ ಸ್ವಾಬ್ (ಹತ್ತಿಕಡ್ಡಿಯಲ್ಲಿ ತೆಗೆಯೋ ಮಾದರಿ) ಜೊತೆ ಪರೀಕ್ಷೆ, ಕೊನೆಗೆ ಪೊಲೀಸ್ ಹೇಳಿಕೆ. ರಾತ್ರಿ ಹೊತ್ತು ಇದು ತಲೆಕೆಳಗಾಗುತ್ತೆ, ಯಾಕಂದ್ರೆ ಠಾಣೆಯವರು ಬೇಗ ಬಂದುಬಿಡ್ತಾರೆ, ಡಾಕ್ಟರು ಹೆರಿಗೆ ಕೇಸಲ್ಲಿ ಇರ್ತಾರೆ. "ಸರ್, ಡಾಕ್ಟರ್ ಮುಗಿಸಲಿ, ಆಮೇಲೆ ಕೂತು ಮಾತಾಡೋಣ" ಅಂತ ಮೆತ್ತಗೆ ಹೇಳಿ ಬಾಗಿಲ ಹತ್ತಿರ ನಿಂತುಕೊಳ್ಳೋದೇ ಅರ್ಧ ಕೆಲಸ.

ಪೊಲೀಸ್ ಪತ್ರದ ವಿಷಯ. ಬೇಕಾಗಿಲ್ಲ. ನಮ್ಮ ರಾಜ್ಯದ್ದೇ ಮಂಜಣ್ಣ ಪ್ರಕರಣದಲ್ಲಿ, 2000ದಲ್ಲೇ, ಸುಪ್ರೀಂ ಕೋರ್ಟ್ ಈ ಅಭ್ಯಾಸಕ್ಕೆ ಛೀಮಾರಿ ಹಾಕಿದೆ. ನೇರವಾಗಿ ಬಂದವರನ್ನೂ ಪರೀಕ್ಷೆ ಮಾಡಬೇಕು. ಸರ್ಕಾರಿ, ಖಾಸಗಿ ಯಾವ ಆಸ್ಪತ್ರೆಯಾದ್ರೂ ಚಿಕಿತ್ಸೆ ಉಚಿತ, ಬಿಎನ್‌ಎಸ್‌ಎಸ್ (ಸಿಆರ್‌ಪಿಸಿ ಬದಲಿಗೆ ಬಂದ ಕಾಯ್ದೆ) 397. ಕೊಡದಿದ್ರೆ ಬಿಎನ್‌ಎಸ್ (ಐಪಿಸಿ ಬದಲಿಗೆ ಬಂದದ್ದು) 200ರಲ್ಲಿ ಒಂದು ವರ್ಷದವರೆಗೆ ಜೈಲು. ಆದ್ರೆ ಇದನ್ನ ಮೊದಲೇ ಎತ್ತಬೇಡಿ. ಸೆಕ್ಷನ್ ನಂಬರ್ ಕೇಳಿದ ಕೂಡಲೇ ಡ್ಯೂಟಿ ಡಾಕ್ಟರು ಹಟಕ್ಕೆ ಬೀಳ್ತಾರೆ. ಎಷ್ಟೋ ಸಲ ನಿಜವಾದ ಕಾರಣ ಫಾರಂ ಎಲ್ಲಿದೆ ಅಂತ ಗೊತ್ತಿಲ್ಲದಿರೋದು. ಕೇಂದ್ರ ಆರೋಗ್ಯ ಸಚಿವಾಲಯದ 2014ರ ಮಾರ್ಗಸೂಚಿಯಲ್ಲಿರೋ ಪ್ರೊಫಾರ್ಮಾವನ್ನ ನಾಲ್ಕು ಸೆಟ್ ಪ್ರಿಂಟ್ ಇಟ್ಟುಕೊಂಡು ಹೋಗಿ ಮೇಜಿನ ಮೇಲಿಡಿ. ಅದಕ್ಕೂ ಬಗ್ಗದಿದ್ರೆ ಆರ್‌ಎಂಒಗೆ (ಆಸ್ಪತ್ರೆಯ ರೆಸಿಡೆಂಟ್ ಮೆಡಿಕಲ್ ಆಫೀಸರ್) ಫೋನ್. ಸೆಕ್ಷನ್ ಕೊನೆಗೆ.

ಲೇಡಿ ಡಾಕ್ಟರ್ ಇಲ್ಲ ಅಂತ ಬೆಳಗಿನವರೆಗೆ ಕೂರಿಸೋ ಹಾಗಿಲ್ಲ. ವಯಸ್ಕ ಹೆಂಗಸಾದ್ರೆ, ಆಕೆ ಒಪ್ಪಿದ್ರೆ, ಮಹಿಳಾ ಸಿಬ್ಬಂದಿ ಪಕ್ಕದಲ್ಲಿದ್ದು ಗಂಡು ಡಾಕ್ಟರು ನೋಡಬಹುದು. 18ರೊಳಗಿನ ಹುಡುಗಿ ಆದ್ರೆ ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ಅಪರಾಧದ ಕಾಯ್ದೆ) 27ರ ಪ್ರಕಾರ ಮಹಿಳಾ ವೈದ್ಯರೇ ಆಗಬೇಕು. ಆನ್‌ಕಾಲ್ ಇರೋ ಓಬಿಜಿ (ಹೆರಿಗೆ-ಸ್ತ್ರೀರೋಗ) ಮೇಡಂನ ಕರೆಸಲಿ. ಔಷಧಿ ಮಾತ್ರ ಅವರಿಗಾಗಿ ಕಾಯಬಾರದು.

ಮನೆಯವರನ್ನ ಸ್ವಲ್ಪ ಹೊತ್ತು ಹೊರಗೆ ಕೂರಿಸಿ, ಆಕೆಗೆ ಏನು ಬೇಕು ಅಂತ ಒಬ್ಬಳನ್ನೇ ಕೇಳಿ. ಭಾಷೆ ಬರದಿದ್ರೆ ಜೊತೆಗೆ ಬಂದವರನ್ನ ದುಭಾಷಿ ಮಾಡಬೇಡಿ. ಕೊಡಗು, ಚಿಕ್ಕಮಗಳೂರು ಕಡೆಯ ತೋಟಗಳಿಂದ ಅಸ್ಸಾಂ, ಜಾರ್ಖಂಡ್ ಕೂಲಿಯವರು ಬಂದ್ರೆ ಜೊತೆಗೆ ಬರೋನು ಮೇಸ್ತ್ರಿ. ಅವನು ಯಾರ ಪರ ಅಂತ ನಿಮಗೆ ಗೊತ್ತಿರಲ್ಲ. 181ಕ್ಕೆ ಫೋನ್ ಮಾಡಿ ಆ ಭಾಷೆ ಬರೋ ಹೆಂಗಸನ್ನ ಸ್ಪೀಕರ್‌ನಲ್ಲಿ ಹಾಕಿಸಿಕೊಳ್ಳೋಕೆ ನೋಡಿ.

ಬ್ಯಾಗಿಗೆ: ಹೊಸ ನೈಟಿ ಎರಡು ಅಳತೆ, ಒಳಉಡುಪು, ಪ್ಯಾಡು, ಹವಾಯಿ ಚಪ್ಪಲಿ, ದುಪಟ್ಟಾ. ಹಾಕಿಕೊಂಡ ಬಟ್ಟೆ ಸಾಕ್ಷ್ಯಕ್ಕೆ ಹೋಗುತ್ತೆ, ಬದಲಿ ಇಲ್ಲದೆ ಆಸ್ಪತ್ರೆ ಬೆಡ್‌ಶೀಟ್ ಸುತ್ತಿಕೊಂಡು ಕೂರೋ ಪರಿಸ್ಥಿತಿ ಮಾಮೂಲಿ. ದೊಡ್ಡ ಬ್ರೌನ್ ಕವರ್ ಹತ್ತು, ಎರಡು ಥರದ ಚಾರ್ಜರ್, ನೀರು, ಬಿಸ್ಕತ್ತು. ನೀರು-ಬಿಸ್ಕತ್ತು ಕೊಡೋದು ಸಿಸ್ಟರ್‌ನ ಕೇಳಿಕೊಂಡೇ.

ಲೇಬರ್_ವಾರ್ಡ್_ಸಿಸ್ಟರ್

ಕೊನೆಯ ಮಾತಿಗೆ ಕಾರಣ ಸೇರಿಸ್ತೀನಿ. ಬಾಯಿಯ ಮೂಲಕ ದೌರ್ಜನ್ಯ ಆಗಿದ್ರೆ ಬಾಯಿಯ ಸ್ವಾಬ್ ಮೊದಲು, ಆಮೇಲೆ ನೀರು. ಎರಡು ನಿಮಿಷದ ಕೆಲಸ, ಅದಕ್ಕೋಸ್ಕರ ಮೂರು ಗಂಟೆ ಬಾಯಾರಿಸಿ ಕೂರಿಸಬೇಡಿ. ಹಾಗೇ ಮೂತ್ರ. ಅಮಲು ಬರೋದೇನಾದ್ರೂ ಕುಡಿಸಿರೋ ಅನುಮಾನ ಇದ್ರೆ ಮೊದಲ ಮೂತ್ರವನ್ನೇ ಡಬ್ಬಿಯಲ್ಲಿ ಹಿಡಿಯಬೇಕು, ಒರೆಸಿಕೊಳ್ಳಬಾರದು. ಇದು ಗೊತ್ತಿಲ್ಲದೆ ಟಾಯ್ಲೆಟ್‌ಗೆ ಕಳಿಸಿಬಿಡ್ತಾರೆ.

ಕಾಯಲಾರದ ಔಷಧಿ ಎರಡು. ಗರ್ಭ ತಡೆಯೋ ಲೆವೊನಾರ್ಜೆಸ್ಟ್ರೆಲ್ 1.5 ಮಿ.ಗ್ರಾಂ ಒಂದೇ ಡೋಸ್, 72 ಗಂಟೆಯೊಳಗೆ. ಐದು ದಿನದವರೆಗೂ ಕೊಡಬಹುದು, ತಡ ಆದಷ್ಟೂ ಫಲ ಕಮ್ಮಿ. ಮೂರು ಗಂಟೆಯೊಳಗೆ ವಾಂತಿ ಆದ್ರೆ ಮತ್ತೆ ಒಂದು. ಎಚ್‌ಐವಿ ತಡೆಯೋ ಪೆಪ್ ಇನ್ನೂ ಅವಸರದ್ದು: ಎರಡು ಗಂಟೆಯೊಳಗೆ ಆದ್ರೆ ಒಳ್ಳೇದು, 72 ದಾಟಿದ್ರೆ ಕೊಡೋದೇ ಇಲ್ಲ. ದೊಡ್ಡವರಿಗೆ ಟಿಎಲ್‌ಡಿ (ಡೊಲುಟೆಗ್ರಾವಿರ್ ಸೇರಿ ಮೂರು ಔಷಧಿ ಇರೋ) ಮಾತ್ರೆ ದಿನಕ್ಕೊಂದು, 28 ದಿನ. ರಾತ್ರಿ ಎಆರ್‌ಟಿ ಸೆಂಟರ್ (ಎಚ್‌ಐವಿ ಔಷಧಿ ಕೊಡೋ ಕೇಂದ್ರ) ಮುಚ್ಚಿರುತ್ತೆ, ಎಡವಟ್ಟು ಆಗೋದು ಇಲ್ಲೇ. ಸಿಬ್ಬಂದಿಗೆ ಸೂಜಿ ಚುಚ್ಚಿದಾಗ ಕೊಡೋಕೆ ಕ್ಯಾಶುವಾಲ್ಟಿಯಲ್ಲೋ ಲೇಬರ್ ವಾರ್ಡಲ್ಲೋ ಸ್ಟಾಕ್ ಇಟ್ಟಿರ್ತಾರೆ, ಅದರಿಂದ ಮೊದಲ ಮಾತ್ರೆ ಕೊಡಿಸಿ. ನಿಮ್ಮ ಆಸ್ಪತ್ರೆಯಲ್ಲಿ ಆ ಬೀಗದ ಕೈ ಯಾರ ಹತ್ತಿರ ಅಂತ ಸೇರಿದ ದಿನವೇ ಹಗಲಲ್ಲಿ ವಿಚಾರಿಸಿಟ್ಟುಕೊಳ್ಳಿ. ರಕ್ತಪರೀಕ್ಷೆ ರಿಪೋರ್ಟ್ ಬರಲಿ ಅಂತ ಮೊದಲ ಡೋಸ್ ತಡೀಬಾರದು. ಹೊಟ್ಟೆ ಉರಿ ಅಂತ ಜೊತೆಗೇ ಆಂಟಾಸಿಡ್ ಕುಡಿಸ್ತಾರೆ, ಅದು ಡೊಲುಟೆಗ್ರಾವಿರ್‌ನ ಮೈಗೆ ಹತ್ತೋಕೆ ಬಿಡಲ್ಲ. ಆಂಟಾಸಿಡ್‌ಗಿಂತ ಎರಡು ಗಂಟೆ ಮೊದಲು ಮಾತ್ರೆ, ಇಲ್ಲ ಆರು ಗಂಟೆ ಆಮೇಲೆ. ಟಿಟಿ, ಹೆಪಟೈಟಿಸ್ ಬಿ, ಸೋಂಕಿನ ಆಂಟಿಬಯಾಟಿಕ್ ಡಾಕ್ಟರ್ ನೋಡಿಕೊಳ್ತಾರೆ.

ಸ್ವಾಬ್‌ಗಳು ಸಾಮಾನ್ಯವಾಗಿ 96 ಗಂಟೆಯೊಳಗೆ. ಬಟ್ಟೆಯನ್ನ ದೊಡ್ಡ ಕಾಗದದ ಮೇಲೆ ನಿಲ್ಲಿಸಿ ಬಿಚ್ಚಿಸಬೇಕು, ಉದುರಿದ ಕೂದಲು-ಮಣ್ಣು ಸಮೇತ ಆ ಕಾಗದವನ್ನೂ ಮಡಚಿಡಬೇಕು. ಒಂದೊಂದು ಬಟ್ಟೆಗೆ ಒಂದೊಂದು ಕಾಗದದ ಕವರ್. ಒದ್ದೆ ಇದ್ರೆ ನೆರಳಲ್ಲಿ ಆರಿಸಿ. ಪ್ಲಾಸ್ಟಿಕ್ ಕವರಿಗೆ ಹಾಕಿದ್ರೆ ಬೆವೆತು ಬೂಷ್ಟು ಹಿಡಿದು ಡಿಎನ್‌ಎ ಕೆಡುತ್ತೆ. ಮನೆಯಿಂದ ಬಟ್ಟೆ ತರೋರಿಗೂ ಫೋನಲ್ಲೇ ಹೇಳಿ, ಬಟ್ಟೆಚೀಲ ಅಥವಾ ಪೇಪರ್ ಅಂತ.

ಒಪ್ಪಿಗೆ ಒಂದೇ ಸಹಿಯಲ್ಲಿ ಮುಗಿಯೋದಲ್ಲ. ಪರೀಕ್ಷೆಗೆ ಬೇರೆ, ಸಾಕ್ಷ್ಯಕ್ಕೆ ಬೇರೆ. ಚಿಕಿತ್ಸೆ ಮಾತ್ರ ಸಾಕು ಅನ್ನೋ ಹಕ್ಕು ಆಕೆಗಿದೆ, ನಡುವೆ ನಿಲ್ಲಿಸಿ ಅನ್ನೋದಕ್ಕೂ ಇದೆ. 12 ದಾಟಿದ ಮಕ್ಕಳ ಒಪ್ಪಿಗೆಯನ್ನೂ ಕೇಳಬೇಕು. ಎರಡು ಬೆರಳಿನ ಪರೀಕ್ಷೆ ಯಾರಾದ್ರೂ ಮಾಡೋಕೆ ಹೋದ್ರೆ ತಡೀರಿ. 2013ರಲ್ಲೇ ಸುಪ್ರೀಂ ಕೋರ್ಟ್ ತಪ್ಪು ಅಂದಿತ್ತು, 2022ರ ಅಕ್ಟೋಬರ್‌ನಲ್ಲಿ ಮಾಡಿದವರನ್ನ ದುರ್ನಡತೆಯ ತಪ್ಪಿತಸ್ಥರು ಅಂತಲೇ ಹೇಳಿತು.

ಕೋರ್ಟ್_ಹಾಲ್_2

ಕಂಪ್ಲೇಂಟ್ ಬೇಡ ಅಂದಾಗ ಏನು ಅನ್ನೋದಕ್ಕೆ ವಯಸ್ಸೇ ಉತ್ತರ. 18ರೊಳಗೆ ಇದ್ರೆ ಪೋಕ್ಸೊ 19, ತಿಳಿಸಲೇಬೇಕು, ನಿಮಗೂ ಅದು ಬದ್ಧ. ಹಾಗಾಗಿ ಹುಡುಗಿ ಬಾಯಿ ಬಿಡೋಕೆ ಮುಂಚೆಯೇ "ಇದನ್ನ ನಾನು ಗುಟ್ಟಾಗಿಡೋಕೆ ಆಗಲ್ಲ" ಅಂತ ಹೇಳಿಬಿಡಿ. ಎಲ್ಲ ಕೇಳಿಕೊಂಡು ಆಮೇಲೆ ಹೇಳೋದು ಮೋಸ ಆಗುತ್ತೆ. ವಯಸ್ಕಳಾದ್ರೆ ಆಸ್ಪತ್ರೆ ಎಂಎಲ್‌ಸಿ (ಪೊಲೀಸ್ ಕೇಸಿಗೆ ಸಂಬಂಧಿಸಿದ ವೈದ್ಯಕೀಯ ದಾಖಲೆ) ಮಾಡಿ ಠಾಣೆಗೆ ಮಾಹಿತಿ ಕಳಿಸುತ್ತೆ, ಆದ್ರೆ ದೂರು ಕೊಡೋದು ಬಿಡೋದು ಆಕೆಯ ಇಷ್ಟ. ಬೇಡ ಅಂದದ್ದನ್ನ ಬರೆಸಿ ಆಕೆಯ ಸಹಿ ಹಾಕಿಸಿ. "ಇಲ್ಲಿ ಬಂದ್ರೆ ಪೊಲೀಸರಿಗೆ ಗೊತ್ತಾಗೋದೇ ಇಲ್ಲ" ಅಂತ ಮಾತು ಕೊಡಬೇಡಿ.

ಕೊಡ್ತೀನಿ ಅಂದ್ರೆ ಯಾವ ಠಾಣೆಯಾದ್ರೂ ಸರಿ. "ನಮ್ಮ ಸರಹದ್ದಲ್ಲ" ಅನ್ನೋ ಹಾಗಿಲ್ಲ, ಬಿಎನ್‌ಎಸ್‌ಎಸ್ 173ರಲ್ಲಿ ಝೀರೋ ಎಫ್‌ಐಆರ್ ಇದೆ. ಹೇಳಿಕೆ ಬರೆದುಕೊಳ್ಳೋದು ಮಹಿಳಾ ಅಧಿಕಾರಿ. ಆಕೆಯನ್ನ ಠಾಣೆಗೆ ಕರೆಯೋ ಅಗತ್ಯವಿಲ್ಲ, ಕೇಂದ್ರದಲ್ಲೇ ಬರೆದುಕೊಳ್ಳಲಿ. ಮಕ್ಕಳನ್ನಂತೂ ರಾತ್ರಿ ಠಾಣೆಯಲ್ಲಿ ಇಡೋ ಹಾಗೇ ಇಲ್ಲ. ಸಹಿಗೆ ಮುಂಚೆ ಓದಿ ಹೇಳಿಸಿ. ಪೊಲೀಸ್ ಕನ್ನಡದಲ್ಲಿ "ಸದರಿ ಆಸಾಮಿಯು ಪುಸಲಾಯಿಸಿ" ಅಂತ ಸೇರಿಕೊಂಡಿದ್ರೆ, ಆಕೆ ಹೇಳಿದ್ದು ಬಲವಂತ ಅಂತಿದ್ರೆ, ಆ ಒಂದು ಪದಕ್ಕೆ ಪಾಟೀಸವಾಲಿನಲ್ಲಿ ಇಡೀ ಮಧ್ಯಾಹ್ನ ಹೋಗುತ್ತೆ. ಎಫ್‌ಐಆರ್ ಪ್ರತಿ ಉಚಿತ, ಅಲ್ಲೇ ಕೇಳಿ.

ನಿಮ್ಮ ರಿಜಿಸ್ಟರ್ ಬಗ್ಗೆ ಒಂದು ಮಾತು. ಘಟನೆಯ ಕಥೆ ಬರೀಬೇಡಿ. ಬಂದ ಸಮಯ, ಕೊಡಿಸಿದ ಸೇವೆ, ಯಾರಿಗೆ ಎಷ್ಟು ಹೊತ್ತಿಗೆ ಫೋನ್ ಮಾಡಿದ್ರಿ, ಅಷ್ಟು ಸಾಕು. ವಕೀಲ-ಕಕ್ಷಿದಾರರ ಮಾತಿಗಿರೋ ರಕ್ಷಣೆ ಕೇಸ್ ವರ್ಕರ್‌ಗೆ ಇಲ್ಲ, ನಿಮ್ಮನ್ನೂ ಸಾಕ್ಷಿಗೆ ಕರೀಬಹುದು. ನಿಮ್ಮ ಟಿಪ್ಪಣಿ, ಡಾಕ್ಟರ ಟಿಪ್ಪಣಿ, ನ್ಯಾಯಾಧೀಶರ ಮುಂದಿನ ಹೇಳಿಕೆ ಮೂರೂ ಮೂರು ಥರ ಇದ್ರೆ ಲಾಭ ಆರೋಪಿಗೆ. ವಾಟ್ಸಾಪ್ ಗುಂಪಿನಲ್ಲಿ ಹೆಸರು, ಊರು, ಫೋಟೋ ಯಾವುದೂ ಬೇಡ, ಗುರುತು ಬಯಲು ಮಾಡೋದೇ ಬಿಎನ್‌ಎಸ್ 72ರಲ್ಲಿ ಅಪರಾಧ. ಪರಿಹಾರದ ಅರ್ಜಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ, ಅದು ಬೆಳಗಿನ ಕೆಲಸ. ಕಾನೂನು ನೆರವಿನ 15100 ನಂಬರ್ ಬರೆದುಕೊಟ್ಟು ಕಳಿಸಿ.

ಹೊಸ_ಪಾಳಿ

ತುಂಬಾ ಥ್ಯಾಂಕ್ಸ್. ಇನ್ನೆರಡು. ದೊಡ್ಡ ಗಂಡಸರು ಬಂದ್ರೆ? ಮತ್ತೆ, ಆಕೆ ಸಾಕ್ಷ್ಯಕ್ಕೆ ಒಪ್ಪಿ ದೂರು ಈಗಲೇ ಬೇಡ ಅಂದ್ರೆ ಆ ಕವರ್‌ಗಳು ಎಲ್ಲಿರುತ್ವೆ? ನಮ್ಮ ಬೀರುವಿನಲ್ಲಿ ಇಡಬಹುದಾ?

ಕೋರ್ಟ್_ಹಾಲ್_2

ಸಖಿಯಲ್ಲಿ ಗಂಡಸರಿಗೆ ವಾಸ್ತವ್ಯ ಇಲ್ಲ. ಆದ್ರೆ ಕ್ಯಾಶುವಾಲ್ಟಿಯಲ್ಲಿ ಚಿಕಿತ್ಸೆ, ಪೆಪ್, ಪರೀಕ್ಷೆ ಎಲ್ಲ ಅದೇ, 2014ರ ಮಾರ್ಗಸೂಚಿ ಎಲ್ಲ ಲಿಂಗದವರಿಗೂ ಅನ್ವಯ. ಹೊಸ ಬಿಎನ್‌ಎಸ್‌ನಲ್ಲಿ ಹಳೆಯ ಐಪಿಸಿ 377ರಂಥ (ಅಸ್ವಾಭಾವಿಕ ಲೈಂಗಿಕ ಕೃತ್ಯದ) ಕಲಂ ಇಲ್ಲ, ಹಾಗಾಗಿ ಹಲ್ಲೆ, ಅಕ್ರಮ ಬಂಧನದ ಕಲಂಗಳಲ್ಲೇ ಹೋಗಬೇಕು. ಟ್ರಾನ್ಸ್‌ಜೆಂಡರ್ ವ್ಯಕ್ತಿಗಳಿಗೆ 2019ರ ಕಾಯ್ದೆಯ 18ನೇ ಸೆಕ್ಷನ್ ಇದೆ, ಶಿಕ್ಷೆ ಎರಡೇ ವರ್ಷದವರೆಗೆ. ಹುಡುಗರಾದ್ರೆ ಪೋಕ್ಸೊ.

ಲೇಬರ್_ವಾರ್ಡ್_ಸಿಸ್ಟರ್

ನಿಮ್ಮ ಬೀರು ಬೇಡವೇ ಬೇಡ, ನೀವು ಮುಟ್ಟಲೂಬೇಡಿ. ಮೊಹರು ಹಾಕಿದ ಕವರ್ ಪೊಲೀಸರ ಕೈ ಸೇರೋವರೆಗೂ ಆಸ್ಪತ್ರೆಯ ಜವಾಬ್ದಾರಿ. ರಕ್ತ, ಮೂತ್ರ ಫ್ರಿಡ್ಜಿಗೆ, ಆರಿದ ಸ್ವಾಬು-ಬಟ್ಟೆ ಬೀಗದ ಕಪಾಟಿಗೆ. ಯಾರು ಇಟ್ಟರು, ಯಾರು ತೆಗೆದರು, ಎಷ್ಟು ಗಂಟೆಗೆ ಅಂತ ರಿಜಿಸ್ಟರಲ್ಲಿ ಸಹಿ ಇರಬೇಕು. ಒಂದು ಕೈ ಲೆಕ್ಕ ತಪ್ಪಿದ್ರೂ ಕೋರ್ಟಲ್ಲಿ ಅದನ್ನೇ ಹಿಡೀತಾರೆ. ಎಷ್ಟು ದಿನ ಇಟ್ಟಿರ್ತಾರೆ ಅಂತ ಆಸ್ಪತ್ರೆಯವರ ಹತ್ತಿರ ಬರವಣಿಗೆಯಲ್ಲಿ ತಗೊಂಡು ಆಕೆಗೆ ಕೊಡಿ. ಪಾಳಿ ಬದಲಾಗುವಾಗ ಬೆಳಗಿನವರಿಗೆ ಮೂರು ವಿಷಯ ಬಾಯಿಮಾತಲ್ಲದೆ ಬರೆದು ಒಪ್ಪಿಸಿ: ಪೆಪ್ ಮೊದಲ ಮಾತ್ರೆ ಎಷ್ಟು ಗಂಟೆಗೆ, ಉಳಿದ 27 ಎಆರ್‌ಟಿ ಸೆಂಟರ್‌ನಿಂದ ಯಾವಾಗ, ಆಕೆಗೆ ಫೋನ್ ಮಾಡಬಹುದಾದ ಹೊತ್ತು ಯಾವುದು.