ಹೆಚ್ ಅಂಡ್ ಇ ಸ್ಲೈಡಿನಲ್ಲಿ ನ್ಯೂಕ್ಲಿಯಸ್ ನೀಲಿಗೆ ಬರುತ್ತಿಲ್ಲ, ಕೆಂಪಾಗಿಯೇ ಉಳಿಯುತ್ತದೆ. ಏನು ಮಾಡಲಿ?

ಸ್ಲೈಡ್‌ಹುಡುಗಿ:
ಎಲ್ಲರಿಗೂ ನಮಸ್ಕಾರ. ಕೋಲಾರದ ಕಡೆ ಒಂದು ಸಣ್ಣ ಲ್ಯಾಬಿನ ಹಿಸ್ಟೋ ವಿಭಾಗದಲ್ಲಿ, ಅಂದರೆ ಟಿಶ್ಯೂ ಚೂರುಗಳ ಸ್ಲೈಡ್ ಮಾಡುವ ಕಡೆ, ಇದ್ದೇನೆ. ಎರಡು ವಾರದಿಂದ ತಲೆ ಕೆಟ್ಟುಹೋಗಿದೆ. ಹೆಚ್ ಅಂಡ್ ಇ (ನ್ಯೂಕ್ಲಿಯಸ್ಸಿಗೆ ಹೆಮಟಾಕ್ಸಿಲಿನ್ನಿನ ನೀಲಿ, ಸೈಟೋಪ್ಲಾಸಂಗೆ ಇಯೋಸಿನ್ನಿನ ಗುಲಾಬಿ ಬಣ್ಣ ಹಾಕುವುದು) ಮಾಡಿದರೆ ನ್ಯೂಕ್ಲಿಯಸ್ ನೀಲಿಗೆ ತಿರುಗುತ್ತಲೇ ಇಲ್ಲ, ಒಂಥರಾ ನೇರಳೆಹಣ್ಣು ತಿಂದ ನಾಲಿಗೆ ಹಾಗೆ ಕೆಂಪು ಮಿಶ್ರ ಬಣ್ಣ, ಇಯೋಸಿನ್ ಹಾಕಿದ ಮೇಲಂತೂ ನ್ಯೂಕ್ಲಿಯಸ್ ಯಾವುದು ಸೈಟೋಪ್ಲಾಸಂ ಯಾವುದು ಅಂತ ಬಿಡಿಸಿ ನೋಡುವುದೇ ಕಷ್ಟ. ಹ್ಯಾರಿಸ್ ಹೆಮಟಾಕ್ಸಿಲಿನ್ 5 ನಿಮಿಷ, ತೊಳೆದು 1% ಆಸಿಡ್ ಆಲ್ಕೋಹಾಲಿನಲ್ಲಿ ಎರಡು ಅದ್ದು, ಮತ್ತೆ 10 ನಿಮಿಷ ನಲ್ಲಿ ನೀರು, ಆಮೇಲೆ ಇಯೋಸಿನ್. ಮೂರು ವರ್ಷದಿಂದ ಇದೇ ಕ್ರಮ. ನಿನ್ನೆ ಗರ್ಭಕೋಶದ ಕೊರಳಿನ ಬಯಾಪ್ಸಿ ಸ್ಲೈಡನ್ನು ಡಾಕ್ಟರು ವಾಪಸ್ ಕಳಿಸಿದರು. ಪಾಪ, ಪೇಷಂಟಿನ ರಿಪೋರ್ಟ್ ತಡವಾಯಿತು, ಅದೇ ನನಗೆ ಬೇಜಾರು.

ಮೈಕ್ರೋಟೋಮ್ ಮಂಜ:
ಹೆಮಟಾಕ್ಸಿಲಿನ್ ಹಳೆಯದಾಗಿರಬೇಕು. ಬೀಕರಿನಲ್ಲಿ ನಲ್ಲಿ ನೀರು ತಗೊಂಡು ಎರಡು ಹನಿ ಬಿಡಿ. ಕೂಡಲೇ ನೀಲಿ ನೇರಳೆಗೆ ತಿರುಗಿದರೆ ಸರಿ ಇದೆ. ಕೆಂಪಾಗಿಯೋ ಕಂದಾಗಿಯೋ ಉಳಿದರೆ ಚೆಲ್ಲಿಬಿಡಿ.

ಸ್ಲೈಡ್‌ಹುಡುಗಿ:
ಮಾಡಿ ನೋಡಿದೆ, ಕೆಂಪಾಗಿಯೇ ಉಳಿಯಿತು. ಹೊಸ ಬಾಟಲಿ ಒಡೆದೆ, ಅದೂ ಕೆಂಪೇ! ಎರಡೂ ಹಾಳಾ?

ಹಳೇ ಟೆಕ್ನಿಷಿಯನ್:
ನಿಲ್ಲಿ, ಯಾವುದನ್ನೂ ಚೆಲ್ಲಬೇಡಿ. ಎರಡು ವಾರದ ಹಿಂದೆ ಲ್ಯಾಬಿನ ನೀರು ಬದಲಾಯಿತಾ?

ಸ್ಲೈಡ್‌ಹುಡುಗಿ:
ಹೌದಲ್ವಾ! ಬೋರ್ ನೀರಿನಿಂದ ನಲ್ಲಿಗೆಲ್ಲ ಉಪ್ಪು ಕಟ್ಟುತ್ತದೆ ಅಂತ ಇಡೀ ಲ್ಯಾಬಿಗೆ ಆರ್‌ಓ ಹಾಕಿಸಿದರು. ಅದಕ್ಕೂ ಇದಕ್ಕೂ ಏನು ಸಂಬಂಧ?

ಹಳೇ ಟೆಕ್ನಿಷಿಯನ್:
ಪೂರ್ತಿ ಸಂಬಂಧ. ನೀವು ಪರೀಕ್ಷೆ ಮಾಡಿದ್ದೂ ಅದೇ ಆರ್‌ಓ ನೀರಿನಲ್ಲಿ, ಅದಕ್ಕೇ ಒಳ್ಳೆ ಬಾಟಲಿಯೂ ಕೆಟ್ಟ ಹಾಗೆ ಕಂಡಿತು. ಅರಿಸಿನಕ್ಕೆ ಸುಣ್ಣ ಬಿದ್ದರೆ ಓಕುಳಿ ಕೆಂಪಾಗುತ್ತದೆ ಅಲ್ವಾ, ಹೆಮಟಾಕ್ಸಿಲಿನ್ನೂ ಅಂಥದ್ದೇ. ಹುಳಿ ಕಡೆ ಇದ್ದರೆ ಕೆಂಪು, ಕ್ಷಾರದ ಕಡೆ ಹೋದರೆ ನೀಲಿ. ಇದೂ ಗಿಡದ ಬಣ್ಣವೇ, ಮೆಕ್ಸಿಕೋದ ಕಂಪೇಚೆ ಕಡೆಯ ಲಾಗ್‌ವುಡ್ ಮರದ ತಿರುಳಿನಿಂದ ಬಂದದ್ದು. ನಿಮ್ಮ ಗಡಸು ಬೋರ್ ನೀರಿನಲ್ಲಿದ್ದ ಬೈಕಾರ್ಬನೇಟು ಇಷ್ಟು ದಿನ ಸದ್ದಿಲ್ಲದೆ ಬ್ಲೂಯಿಂಗ್, ಅಂದರೆ ಕೆಂಪನ್ನು ನೀಲಿಗೆ ತಿರುಗಿಸುವ ಕೆಲಸ, ಮಾಡುತ್ತಿತ್ತು. ಆರ್‌ಓ ಅದನ್ನು ತೆಗೆದುಹಾಕಿತು. ಆ ನೀರು ಸ್ವಲ್ಪ ಹುಳಿ ಕಡೆಗೇ ಇರುತ್ತದೆ, ಅದರಲ್ಲಿ ಅರ್ಧ ಗಂಟೆ ಇಟ್ಟರೂ ಪ್ರಯೋಜನ ಕಡಿಮೆ.

ಸ್ಕಾಟ್ಸ್ ದ್ರಾವಣ ಮಾಡಿಕೊಳ್ಳಿ: ಸೋಡಿಯಂ ಬೈಕಾರ್ಬನೇಟ್ 3.5 ಗ್ರಾಂ, ಮೆಗ್ನೀಷಿಯಂ ಸಲ್ಫೇಟ್ 20 ಗ್ರಾಂ, ನೀರು 1 ಲೀಟರ್. ಆಸಿಡ್ ಆಲ್ಕೋಹಾಲ್ ತೊಳೆದ ಮೇಲೆ ಇದರಲ್ಲಿ ಒಂದೆರಡು ನಿಮಿಷ. ರ‍್ಯಾಕ್ ಎತ್ತಿದಾಗ ಕಣ್ಣೆದುರೇ ಬಣ್ಣ ತಿರುಗುತ್ತದೆ. ಆಮೇಲೆ ಚೆನ್ನಾಗಿ ತೊಳೆಯಿರಿ, ಕ್ಷಾರ ಉಳಿದರೆ ಇಯೋಸಿನ್ ಪೇಲವವಾಗುತ್ತದೆ.

ಮೈಕ್ರೋಟೋಮ್ ಮಂಜ:
ನೀರಿನ ವಿಚಾರ ನನಗೆ ಹೊಳೆಯಲೇ ಇಲ್ಲ. ದಾರಿ ತಪ್ಪಿಸಿದ್ದಕ್ಕೆ ಕ್ಷಮಿಸಿ.

ಪ್ಯಾಥ್ ಡಾಕ್ಟರ್:
ಒಂದು ಮಾತು ಸೇರಿಸುತ್ತೇನೆ. ವಾಪಸ್ ಬಂದ ಸ್ಲೈಡಿಗೆ ಬ್ಲಾಕಿನಿಂದ (ಮೇಣದಲ್ಲಿ ಹುದುಗಿಸಿದ ಟಿಶ್ಯೂ) ಹೊಸ ಸೆಕ್ಷನ್ ಕತ್ತರಿಸಲು ಹೋಗಬೇಡಿ. ಕೊರಳಿನ ಬಯಾಪ್ಸಿ ಅಂದರೆ ಅಕ್ಕಿಕಾಳಿನಷ್ಟು ಟಿಶ್ಯೂ, ಮುಂದೆ ಇಮ್ಯುನೋ (ಪ್ರತಿಕಾಯ ಬಳಸಿ ಮಾಡುವ ಪರೀಕ್ಷೆ) ಬೇಕಾದರೆ ಅದೇ ಆಧಾರ. ಕವರ್‌ಸ್ಲಿಪ್ಪನ್ನು ಜೈಲೀನಿನಲ್ಲಿ ಬಿಡಿಸಿ, ಆಲ್ಕೋಹಾಲ್ ದಾಟಿಸಿ ನೀರಿಗೆ ತಂದು, ಬ್ಲೂಯಿಂಗ್ ಮಾಡಿ ಮತ್ತೆ ಇಯೋಸಿನ್ ಹಾಕಿದರೆ ಸಾಕು. ಕ್ಯಾನ್ಸರಿನ ಮೊದಲ ಹಂತದಲ್ಲಿ ನಾವು ನೋಡುವುದೇ ಕ್ರೊಮಾಟಿನ್ (ನ್ಯೂಕ್ಲಿಯಸ್ಸಿನೊಳಗಿನ ಡಿಎನ್‌ಎ ಇರುವ ವಸ್ತು) ಒರಟಾಗಿದೆಯಾ, ನ್ಯೂಕ್ಲಿಯಸ್ಸಿನ ಅಂಚು ಅಂಕುಡೊಂಕಾಗಿದೆಯಾ ಅಂತ. ಕೆಂಪು ಮಬ್ಬಿನಲ್ಲಿ ಅದು ಕಾಣುವುದಿಲ್ಲ, ಅದಕ್ಕೇ ವಾಪಸ್ ಕಳಿಸುವುದು, ಸುಮ್ನೆ ಅಲ್ಲ.

ಸ್ಲೈಡ್‌ಹುಡುಗಿ:
ಇವತ್ತು ಬೆಳಗ್ಗೆ ಮಾಡಿದೆ. ಅದೇ ಹಳೇ ಬಾಟಲಿ, ಅದೇ ಸ್ಲೈಡ್. ಸ್ಕಾಟ್ಸ್‌ನಲ್ಲಿ ಇಳಿಸಿದ ಒಂದೇ ನಿಮಿಷಕ್ಕೆ ನೀಲಿ! ಮಧ್ಯಾಹ್ನ ರಿಪೋರ್ಟೂ ಹೋಯಿತು. ಎಲ್ಲರಿಗೂ ತುಂಬಾ ಥ್ಯಾಂಕ್ಸ್.