ಪದ ಬೇಕು: ‘ಪಬ್ಲಿಕ್ ಐಪಿ’ಗೆ ‘ಸಾರ್ವಜನಿಕ’ ನಡೀತದೇನ್ರಿ? (ಇವತ್ತೇ ಬೇಕು)

ಕೊಪ್ಪಳದಿಂದ:
ಗ್ರಂಥಾಲಯದ ಕಂಪ್ಯೂಟರ್ ಕೋಣೆಗೆ ಬೋರ್ಡ್ ಬರೆಸಾಕತ್ತೀವ್ರಿ. ಐಪಿ ಅಂದ್ರ ನೆಟ್‌ವರ್ಕಿನ್ಯಾಗ ಕಂಪ್ಯೂಟರ್ ಗುರುತಿಸೋ ನಂಬರು. ಕರಡು: ‘ನೀವು ತೆರೆಯುವ ಜಾಲತಾಣಕ್ಕೆ ಇಲ್ಲಿನ ಸಾರ್ವಜನಿಕ ಐಪಿ ವಿಳಾಸ ಕಾಣುತ್ತದೆ.’ ಓದಿದ ಹುಡುಗ ‘ಯಾರು ಬೇಕಾದ್ರೂ ಬಳಸಬಹುದೇನ್ರಿ ಇದನ್ನ?’ ಅಂದ. ಬೇರೆ ಪದ ಹೇಳ್ರಿ. ಪ್ರೈವೆಸಿಗೂ ಒಂದು. ಪೇಂಟರ್ ಸಂಜಿಗೆ ಬರ್ತಾನ.

ರಾಯಚೂರಿನಿಂದ:
ಹುಡುಗ ಶಾಣ್ಯಾ ಇದ್ದಾನ. ಸಾರ್ವಜನಿಕ ಶೌಚಾಲಯ, ಸಾರ್ವಜನಿಕ ಆಸ್ಪತ್ರೆ ಎಲ್ಲರ ಬಳಕೆಗೆ; ಇದು ಹಂಗಲ್ಲ. 192.168ರಿಂದ ಶುರುವಾಗೋ ನಂಬರು ನಿಮ್ಮ ಕೋಣೆಯೊಳಗಷ್ಟ. ಅದೇ ನಂಬರು ನಮ್ಮನ್ಯಾಗೂ ಅದ. ರೂಟರ್ ದಾಟಿದ ಮ್ಯಾಲೆ ಅಲ್ಲಿನ ಎಲ್ಲಾ ಕಂಪ್ಯೂಟರಿಗೂ ಒಂದೇ ನಂಬರು (ಹೊಸ ಬಗೆಯ ಐಪಿ ನಂಬರು, ಅಂದ್ರ ಐಪಿವಿ6, ಅದರ ಲೆಕ್ಕ ಬೇರೆ). ಒಳ ಐಪಿ, ಹೊರ ಐಪಿ. ಮುಗೀತು.

ಬಳ್ಳಾರಿಯಿಂದ:
ಒಳ, ಹೊರ ಒಪ್ಪಿದೆ. ‘ವಿಳಾಸ’ ಬಿಡಿ. ಸಂಸ್ಕೃತದ ವಿಲಾಸ ಎಂದರೆ ಬೆಡಗು, ಯಂತ್ರಕ್ಕೇಕೆ ಬೆಡಗು? ‘ಇರುನೆಲೆ’ ಎನ್ನಿ. ಪ್ರೈವೆಸಿಗೆ ‘ಖಾಸಗಿತನ’ ಎಂದೀರಿ ಜೋಕೆ, ಅದು ಅರಬಿ ಮೂಲ.

ರಾಯಚೂರಿನಿಂದ:
ಇರುನೆಲೆ ಅಂದ್ರ ಮನಿ ಎಲ್ಲದ ಅಂತ ತೋರಿಸ್ತದ ಅನ್ಕೋತಾರ. ತೋರಿಸಂಗಿಲ್ಲ. ಇಂಟರ್ನೆಟ್ ಯಾವ ಕಂಪನಿದು, ಊರು ಅಂದಾಜು ಯಾವುದು, ಅಷ್ಟ. ನನ್ನ ಮೊಬೈಲಿಗೆ ಬೆಂಗಳೂರಂತ ಬರ್ತದ! ಯಾವ ಹೊತ್ತಿಗೆ ಆ ನಂಬರು ಯಾರ ಕೈಯಾಗಿತ್ತು ಅನ್ನೋದು ಕಂಪನಿ ದಾಖಲೆದಾಗ ಇರ್ತದ. ಇನ್ನ ಜಿಲ್ಲೆ, ಅರ್ಜಿ, ತಹಶೀಲು, ಎಲ್ಲಾ ಅರಬಿನೇ. ಬಿಡ್ತೀರೇನು?

ಬಳ್ಳಾರಿಯಿಂದ:
ನಿಜಾಮರ ದಫ್ತರು ನಿಮಗೆ ರೂಢಿ. 1953ರವರೆಗೆ ನಾವು ಮದ್ರಾಸಿನಲ್ಲಿದ್ದವರು.

ರಾಯಚೂರಿನಿಂದ:
ಹೌದೌದು, ‘ಕಲೆಕ್ಟರ್’ ಹಳಗನ್ನಡ.

ಸಿಂಧನೂರಿನಿಂದ:
ಜಗಳ ಆಮೇಲೆ ಆಡ್ರಿ. ಪ್ರೈವೆಸಿಗೆ ‘ಗೌಪ್ಯತೆ’ ಮಾತ್ರ ಬ್ಯಾಡ, ಅದು ಮತದಾನಕ್ಕೆ ಸರಿ. ಬ್ರೌಸರಿನ ‘ಗುಪ್ತ ಕಿಟಕಿ’ ತೆಗೆದು, ಇನ್ನ ಯಾರಿಗೂ ಕಾಣಂಗಿಲ್ಲ ಅಂತ ಕೂಡೋರು ಬಾಳ ಮಂದಿ ಅದಾರ. ಆ ಕಿಟಕಿ ತನ್ನ ಕಂಪ್ಯೂಟರಿನ್ಯಾಗ ನೋಡಿದ್ದರ ಪಟ್ಟಿ ಇಟ್ಕೊಳ್ಳಂಗಿಲ್ಲ, ಅಷ್ಟ. ಹೊರ ಐಪಿ ಕಾಣೋದು ಕಾಣ್ತದ. ವಿಪಿಎನ್ (ನಮ್ಮ ಇಂಟರ್ನೆಟ್ಟನ್ನ ತಮ್ಮ ಕಂಪ್ಯೂಟರ್ ಮೂಲಕ ಹಾಯಿಸೋ ಸೇವೆ) ಹಾಕಿದ್ರ ಜಾಲತಾಣಕ್ಕ ವಿಪಿಎನ್‌ನವರ ನಂಬರು ಕಾಣ್ತದ, ಖರೆ. ಆದ್ರ ನಿಮ್ಮ ನಂಬರು ಅವರಿಗೆ ಗೊತ್ತಿರ್ತದ. ‘ಖಾಸಗಿತನ’ ಅಂತನ ಬರೀರಿ.

ಕೊಪ್ಪಳದಿಂದ:
ಬರೆಸೋದು ಇದು: ‘ಇಲ್ಲಿಂದ ತೆರೆಯುವ ಜಾಲತಾಣಗಳಿಗೆ ಈ ಕೋಣೆಯ ಹೊರ ಐಪಿ ಕಾಣುತ್ತದೆ. ನಿಮ್ಮ ಖಾಸಗಿತನ ಕಾಯಲು, ಏಳುವ ಮುನ್ನ ಲಾಗ್ಔಟ್ ಆಗಿ.’

ಬಳ್ಳಾರಿಯಿಂದ:
‘ಜಾಲತಾಣ’ ಸಂಸ್ಕೃತ. ‘ಮಿಂದಾಣ’ ಮಾಡಿ.

ಕೊಪ್ಪಳದಿಂದ:
ಮಿಂದಾಣ ಅಂತ ಬರೆದ್ರ ಟವೆಲ್ ತಗೊಂಡು ಬರ್ತಾರ್ರಿ ಸರ.